ಗೆರೆ ಎಳೆದ ಕಾಲಂ, ಇಲ್ಲದ ಕಾಲಂ: ಸ್ವಿಫ್ಟ್‌ನಲ್ಲಿ ಜೇಸನ್ ಓದುವವರ ಪ್ರಶ್ನೆಗಳು

ಪ್ರಶ್ನೆ: ಕೋಲಾರದ ಎಪಿಎಂಸಿ ಹಾಗೂ ಸುತ್ತಲಿನ ಮಾರುಕಟ್ಟೆಗಳ ಟೊಮೆಟೊ ದರವನ್ನು ತೋರಿಸುವ ಐಫೋನ್ ಆ್ಯಪ್ ಒಂದನ್ನು ಸ್ವಿಫ್ಟ್ ಭಾಷೆಯಲ್ಲಿ ಬರೆಯುತ್ತಿದ್ದೇನೆ. ಸರ್ವರ್‌ನಿಂದ ಬರುವ ಜೇಸನ್‌ನಲ್ಲಿ (ಹೆಸರು-ಮೌಲ್ಯಗಳ ಜೋಡಿಗಳಾಗಿ ದತ್ತಾಂಶವನ್ನು ಬರೆಯುವ ಪಠ್ಯರೂಪ) ಮಾರುಕಟ್ಟೆಯ ಹೆಸರು, ಆವಕ, ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ (ಹೆಚ್ಚಿನ ಮಾಲು ಮಾರಾಟವಾದ ದರ) ಎಂಬ ಫೀಲ್ಡ್‌ಗಳಿರುತ್ತವೆ. ಕೆಲವು ದಿನ ಮಾದರಿ ದರದ ಜಾಗದಲ್ಲಿ ‘ನಲ್’ ಇರುತ್ತದೆ, ಕೆಲವು ದಿನ ಆ ಕೀ (ಫೀಲ್ಡ್‌ನ ಹೆಸರು) ಇರುವುದೇ ಇಲ್ಲ. ಪ್ರತಿ ಫೀಲ್ಡ್‌ಗೂ ಬೇರೆ ಕೋಡ್ ಬೇಡವೆಂದು, ಯಾವ ಟೈಪ್ ಕೊಟ್ಟರೂ ಓದಿಕೊಡುವ ಒಂದು ಜೆನೆರಿಕ್ ಫಂಕ್ಷನ್ ಬರೆದು, ಮಾದರಿ ದರಕ್ಕೆ ‘ಇಂಟ್?’ ಎಂದು ಆಪ್ಷನಲ್ ಟೈಪನ್ನೇ (ಪೂರ್ಣಾಂಕ ಇರಬಹುದು, ಇಲ್ಲದೆಯೂ ಇರಬಹುದು ಎನ್ನುವ ಟೈಪ್) ಕೊಟ್ಟಿದ್ದೇನೆ. ನಲ್ ಬಂದ ದಿನ ಎಲ್ಲವೂ ಸರಿಯಾಗಿರುತ್ತದೆ. ಕೀ ಬಾರದ ದಿನ ‘ಕೀನಾಟ್‌ಫೌಂಡ್’ ಎಂಬ ದೋಷ ಬಂದು ಇಡೀ ಪುಟ ಖಾಲಿಯಾಗುತ್ತದೆ. ಎಲ್ಲ ಕಡೆ ‘ಟ್ರೈ?’ ಹಾಕಿಬಿಡಿ ಎಂದು ಗೆಳೆಯರು ಹೇಳುತ್ತಾರೆ. ಹಾಗೆ ಮಾಡಬಹುದೇ?
— ಓದುಗರೊಬ್ಬರು, ಕೋಲಾರ

ಉತ್ತರ: ಮಾಡಬೇಡಿ. ಏಕೆ ಬೇಡ ಎಂಬುದನ್ನು ಹೇಳುವ ಮೊದಲು, ನಿಮ್ಮ ಫಂಕ್ಷನ್ ಒಂದು ದಿನ ನಡೆದು ಇನ್ನೊಂದು ದಿನ ನಿಲ್ಲುವುದೇಕೆ ಎಂಬುದನ್ನು ನೋಡೋಣ.

ಮಂಡಿಯಲ್ಲಿ ಹರಾಜು ಮುಗಿದ ಮೇಲೆ ರೈತರ ಕೈಗೆ ಬರುವ ಚೀಟಿಯನ್ನು ನೆನಪಿಗೆ ತಂದುಕೊಳ್ಳಿ. ಬಾಕ್ಸ್‌ಗಳ ಸಂಖ್ಯೆ, ದರ, ಕೂಲಿ ಎಂದು ಕಾಲಂಗಳಿವೆ. ಕೂಲಿಯ ಕಾಲಂನಲ್ಲಿ ಒಂದು ಅಡ್ಡಗೆರೆ ಎಳೆದಿದ್ದರೆ, ಬರೆದವರು ಆ ಕಾಲಂ ನೋಡಿದ್ದಾರೆ, ಬರೆಯುವುದಕ್ಕೆ ಏನೂ ಇರಲಿಲ್ಲ ಎಂದು ತಿಳಿಯುತ್ತದೆ. ಹಳೆಯ ನಮೂನೆಯ ಚೀಟಿಯಾಗಿದ್ದು ಅದರಲ್ಲಿ ಕೂಲಿಯ ಕಾಲಮ್ಮೇ ಇಲ್ಲದಿದ್ದರೆ ಅದು ಬೇರೆ ಮಾತು. ಅಲ್ಲಿ ಯಾರೂ ಏನನ್ನೂ ಹೇಳಿಲ್ಲ. ದರದ ಕಾಲಂನಲ್ಲಿ ದರದ ಬದಲು ಊರಿನ ಹೆಸರು ಬರೆದಿದ್ದರೆ ಅದು ಮೂರನೆಯ ಸಂಗತಿ, ಅದು ತಪ್ಪು. ಜೇಸನ್‌ನಲ್ಲಿ ಅಡ್ಡಗೆರೆಯ ಹೆಸರು ನಲ್. ಕಾಲಂ ಇಲ್ಲದಿರುವುದೆಂದರೆ ಕೀ ಇಲ್ಲದಿರುವುದು. ತಪ್ಪು ಬರಹವೆಂದರೆ ಟೈಪ್ ಹೊಂದದಿರುವುದು. ಸ್ವಿಫ್ಟ್ ಈ ಮೂರನ್ನೂ ಬೇರೆ ಬೇರೆಯಾಗಿಯೇ ಕಾಣುತ್ತದೆ. ಆಪ್ಷನಲ್ ಅಲ್ಲದ ಫೀಲ್ಡ್‌ಗೆ ನಲ್ ಬಂದರೆ ‘ವ್ಯಾಲ್ಯೂನಾಟ್‌ಫೌಂಡ್’, ಕೀ ಇಲ್ಲದಿದ್ದರೆ ‘ಕೀನಾಟ್‌ಫೌಂಡ್’, ಟೈಪ್ ತಪ್ಪಿದರೆ ‘ಟೈಪ್‌ಮಿಸ್‌ಮ್ಯಾಚ್’ ಎಂಬ ದೋಷ ಬರುತ್ತದೆ. ಬಂದ ದತ್ತಾಂಶವೇ ಕೆಟ್ಟಿದ್ದರೆ ‘ಡೇಟಾಕರಪ್ಟೆಡ್’ ಎಂಬ ನಾಲ್ಕನೆಯದೊಂದಿದೆ.

2017ರಲ್ಲಿ ಸ್ವಿಫ್ಟ್ 4 ಬಂದಾಗಲೇ ಜೇಸನ್‌ನಂಥ ದತ್ತಾಂಶವನ್ನು ಸ್ವಿಫ್ಟ್ ಟೈಪ್‌ಗಳಾಗಿ ಓದುವ, ಬರೆಯುವ ‘ಕೋಡಬಲ್’ ವ್ಯವಸ್ಥೆಯೂ ಬಂತು. ಸ್ಟ್ರಕ್ಟ್‌ನಲ್ಲಿ (ಹಲವು ಫೀಲ್ಡ್‌ಗಳನ್ನು ಒಟ್ಟಿಗೆ ಹಿಡಿದಿಡುವ ಟೈಪ್) ಒಂದು ಫೀಲ್ಡನ್ನು ‘ಇಂಟ್?’ ಎಂದು ಬರೆದರೆ, ಅದನ್ನು ಓದುವ ಕೋಡನ್ನು ಕಂಪೈಲರ್ ತಾನೇ ಬರೆದುಕೊಳ್ಳುತ್ತದೆ. ಆಗ ಅದು ‘ಡಿಕೋಡ್’ ಅನ್ನು ಕರೆಯದೆ ‘ಡಿಕೋಡ್‌ಇಫ್‌ಪ್ರೆಸೆಂಟ್’ ಅನ್ನು ಕರೆಯುತ್ತದೆ. ಈ ಎರಡನೆಯದು ಮೊದಲು ಕೀ ಇದೆಯೇ ಎಂದು ನೋಡಿ, ಇಲ್ಲದಿದ್ದರೂ, ಇದ್ದು ನಲ್ ಆಗಿದ್ದರೂ ‘ನಿಲ್’ ಅನ್ನೇ (ಸ್ವಿಫ್ಟ್‌ನಲ್ಲಿ ಮೌಲ್ಯವಿಲ್ಲ ಎಂಬುದರ ಹೆಸರು) ಹಿಂತಿರುಗಿಸುತ್ತದೆ. ಆಪ್ಷನಲ್ ಫೀಲ್ಡ್‌ಗಳಿಂದ ಸಾಮಾನ್ಯವಾಗಿ ಸಿಗುವ ಅನುಕೂಲವೆಲ್ಲ ಇದರದು. ಆದರೆ ಕಂಪೈಲರ್ ಇದನ್ನು ಆರಿಸಿಕೊಳ್ಳುವುದು ಫೀಲ್ಡ್‌ನ ಟೈಪಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ತನ್ನ ಕಣ್ಣಾರೆ ಕಂಡಾಗ ಮಾತ್ರ.

ನಿಮ್ಮ ಫಂಕ್ಷನ್‌ನ ಒಳಗಿರುವ ಸಾಲು ಬಹುಶಃ ಹೀಗಿದೆ. ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ:

ಟ್ರೈ ಕಂಟೇನರ್.ಡಿಕೋಡ್(ಟಿ.ಸೆಲ್ಫ್, ಫಾರ್‌ಕೀ: ಕೀ)

ಈ ಸಾಲನ್ನು ಕಂಪೈಲ್ ಮಾಡುವಾಗ ‘ಟಿ’ (ನೀವು ಮುಂದೆ ಕೊಡುವ ಟೈಪಿನ ಜಾಗ ಹಿಡಿದಿರುವ ಹೆಸರು) ಏನೆಂಬುದು ಕಂಪೈಲರ್‌ಗೆ ತಿಳಿಯದು, ಅದು ಡಿಕೋಡಬಲ್, ಎಂದರೆ ಓದಿಕೊಳ್ಳಬಹುದಾದ ಟೈಪ್ ಎಂಬುದಷ್ಟೇ ತಿಳಿದಿರುತ್ತದೆ. ಆದ್ದರಿಂದ ಯಾವ ಫಂಕ್ಷನ್ ಕರೆಯಬೇಕೆಂಬ ತೀರ್ಮಾನ ಅಲ್ಲೇ, ಆಗಲೇ ಆಗಿಹೋಗುತ್ತದೆ: ‘ಡಿಕೋಡ್’. ಮುಂದೆ ನೀವು ಟಿ ಜಾಗಕ್ಕೆ ‘ಇಂಟ್?’ ಕೊಟ್ಟಾಗಲೂ ಆ ತೀರ್ಮಾನ ಬದಲಾಗುವುದಿಲ್ಲ. ಓಡುವಾಗ ನಡೆಯುವುದಿಷ್ಟು: ‘ಡಿಕೋಡ್’ ಮೊದಲು ಕೀಯನ್ನು ಹುಡುಕುತ್ತದೆ. ಸಿಗದಿದ್ದರೆ ಅಲ್ಲಿಯೇ ದೋಷ ಎಸೆದು ಹಿಂತಿರುಗುತ್ತದೆ. ಸಿಕ್ಕರೆ ಮಾತ್ರ ಆ ಮೌಲ್ಯವನ್ನು ಆಪ್ಷನಲ್‌ನ ಕೈಗೆ ಕೊಡುತ್ತದೆ, ಆಪ್ಷನಲ್ ಅದನ್ನು ನೋಡಿ ನಲ್ ಆಗಿದ್ದರೆ ನಿಲ್ ಎನ್ನುತ್ತದೆ. ಆಪ್ಷನಲ್‌ಗೆ ನಲ್ ಅನ್ನು ಅರಗಿಸಿಕೊಳ್ಳುವ ಶಕ್ತಿಯಿದೆ, ನಿಜ. ಆದರೆ ಕೀ ಇಲ್ಲದ ದಿನ ಅದರವರೆಗೆ ವಿಷಯ ತಲುಪುವುದೇ ಇಲ್ಲ. ನಲ್ ಬಂದ ದಿನ ಸರಿಹೋಗಿ ಕೀ ಬಾರದ ದಿನ ನಿಂತುಹೋಗುವುದರ ಪೂರ್ತಿ ಕಾರಣ ಇದು.

ಪರಿಹಾರ ಚಿಕ್ಕದು. ಪ್ರಶ್ನಾರ್ಥಕ ಚಿಹ್ನೆಯನ್ನು ಟಿಯ ಒಳಗೆ ಇಡಬೇಡಿ, ಟಿಯ ಹೊರಗೆ ಇಡಿ. ಎರಡು ಫಂಕ್ಷನ್‌ಗಳನ್ನು ಬರೆಯಿರಿ. ‘ಓದು’ ಎಂಬುದು ‘ಡಿಕೋಡ್’ ಅನ್ನು ಕರೆದು ಟಿಯನ್ನು ಹಿಂತಿರುಗಿಸಲಿ. ‘ಇದ್ದರೆಓದು’ ಎಂಬುದು ‘ಡಿಕೋಡ್‌ಇಫ್‌ಪ್ರೆಸೆಂಟ್’ ಅನ್ನು ಕರೆದು ‘ಟಿ?’ ಅನ್ನು ಹಿಂತಿರುಗಿಸಲಿ. ಎರಡಕ್ಕೂ ಬರಿಯ ‘ಇಂಟ್’ ಅನ್ನೇ ಕೊಡಿ. (ಸ್ವಿಫ್ಟ್‌ನಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಕಂಪೈಲರ್ ತಕರಾರು ಮಾಡುವುದಿಲ್ಲ.) ಸರ್ವರ್‌ನ ಉತ್ತರವನ್ನು ‘ಉತ್ತರ<ಟಿ>’ ಎಂಬ ಜೆನೆರಿಕ್ ಸ್ಟ್ರಕ್ಟ್‌ನಲ್ಲಿ ಸುತ್ತಿಕೊಳ್ಳುವುದಾದರೂ ಇದೇ ಸೂತ್ರ ಸಲ್ಲುತ್ತದೆ: ಒಳಗಿನ ಫೀಲ್ಡ್ ‘ಟಿ?’ ಎಂದಿದ್ದರೆ ಕಂಪೈಲರ್‌ಗೆ ಚಿಹ್ನೆ ಕಾಣುತ್ತದೆ. ಬರಿಯ ‘ಟಿ’ ಎಂದಿಟ್ಟು, ಬಳಸುವಾಗ ‘ಉತ್ತರ<ದರ?>’ ಎಂದರೆ ನೀವು ಮತ್ತೆ ಹಳೆಯ ಹಳ್ಳಕ್ಕೇ ಬೀಳುತ್ತೀರಿ.

ಒಂದೇ ಹೆಸರಿನ ಫಂಕ್ಷನ್ ಇರಲೇಬೇಕೆನ್ನುವವರಿಗೆ ಬೇರೊಂದು ದಾರಿ ಇದೆ. ‘ಎಕ್ಸ್‌ಪ್ರೆಸಿಬಲ್‌ಬೈನಿಲ್‌ಲಿಟರಲ್’ ಎಂಬ ಪ್ರೊಟೊಕಾಲ್‌ಗೆ ಒಳಪಟ್ಟ ಟೈಪ್‌ಗಳಿಗೆ ಮಾತ್ರ ಅನ್ವಯಿಸುವ ಎರಡನೆಯ ಆವೃತ್ತಿಯನ್ನು ಬರೆದರೆ, ‘ಇಂಟ್?’ ಅನ್ನು ನೇರವಾಗಿ ಕೊಟ್ಟು ಕರೆದಾಗ ಕಂಪೈಲರ್ ಅದನ್ನೇ ಆರಿಸಿಕೊಳ್ಳುತ್ತದೆ. ಆದರೆ ನಡುವೆ ಇನ್ನೊಂದು ಜೆನೆರಿಕ್ ಫಂಕ್ಷನ್ ಬಂದ ಕೂಡಲೇ ಆ ಆಯ್ಕೆ ಮತ್ತೆ ಕುರುಡಾಗುತ್ತದೆ. ಮೂರು ತಿಂಗಳ ನಂತರ ಕೋಡ್ ಓದುವವರಿಗೆ ಎರಡು ಹೆಸರುಗಳೇ ಹೆಚ್ಚು ಸ್ಪಷ್ಟ ಎಂಬುದು ನನ್ನ ಅಭಿಪ್ರಾಯ.

ಈಗ ‘ಟ್ರೈ?’ ವಿಷಯ. ಅದು ದೋಷ ಯಾವುದೆಂದು ಕೇಳುವುದಿಲ್ಲ, ಎಲ್ಲವನ್ನೂ ನಿಲ್ ಮಾಡುತ್ತದೆ. ಸರ್ವರ್‌ನವರು ಒಂದು ದಿನ ಮಾದರಿ ದರವನ್ನು 2000 ಎಂಬ ಸಂಖ್ಯೆಯಾಗಿ ಕಳುಹಿಸುವ ಬದಲು ಉದ್ಧರಣ ಚಿಹ್ನೆಗಳೊಳಗೆ "2000" ಎಂಬ ಅಕ್ಷರಸರಣಿಯಾಗಿ ಕಳುಹಿಸಿದರೆಂದುಕೊಳ್ಳಿ. ಇದು ಮಾರುಕಟ್ಟೆಯ ದತ್ತಾಂಶದಲ್ಲಿ ಅಪರೂಪವಲ್ಲ. ‘ಡಿಕೋಡ್‌ಇಫ್‌ಪ್ರೆಸೆಂಟ್’ ಆಗಿದ್ದರೆ ಟೈಪ್ ತಪ್ಪಿದೆ ಎಂದು ಕೂಗಿ ಹೇಳುತ್ತಿತ್ತು. ‘ಟ್ರೈ?’ ಹಾಕಿದ ಆ್ಯಪ್ ‘ಇಂದು ದರ ಇಲ್ಲ’ ಎಂದು ತೋರಿಸುತ್ತದೆ. ದರ ಬಂದಿತ್ತು, ಓದುವುದಕ್ಕೆ ಆಗಲಿಲ್ಲ, ಆದರೆ ರೈತನಿಗೆ ಹೇಳಿದ್ದು ಇಲ್ಲವೆಂದು. ನಸುಕಿನಲ್ಲಿ ಟೆಂಪೊಗೆ ಬಾಕ್ಸ್ ತುಂಬಿಸುವುದೋ ಇನ್ನೊಂದು ದಿನ ಗಿಡದಲ್ಲೇ ಬಿಡುವುದೋ ಎಂದು ಯೋಚಿಸುತ್ತಿರುವ ವ್ಯಕ್ತಿಗೆ ಈ ಎರಡು ಮಾತುಗಳ ನಡುವೆ ಇರುವ ಅಂತರ ಸಣ್ಣದಲ್ಲ. ಸಂಖ್ಯೆ ಅಕ್ಷರಸರಣಿಯಾಗಿ ಬರುವ ಸಾಧ್ಯತೆ ನಿಮಗೆ ಗೊತ್ತಿದ್ದರೆ, ಅದನ್ನು ಒಪ್ಪಿಕೊಳ್ಳುವ ‘ದರ’ ಎಂಬ ಪ್ರತ್ಯೇಕ ಟೈಪ್ ಮಾಡಿ, ಅದರ ಇನಿಷಿಯಲೈಸರ್‌ನಲ್ಲಿ ಮೊದಲು ಇಂಟ್ ಎಂದು ಓದಲು ಯತ್ನಿಸಿ, ಆಗದಿದ್ದರೆ ಸ್ಟ್ರಿಂಗ್ ಎಂದು ಓದಿ ಇಂಟ್‌ಗೆ ಪರಿವರ್ತಿಸಿ, ಅದೂ ಆಗದಿದ್ದರೆ ದೋಷವನ್ನೇ ಎಸೆಯಿರಿ. ಉದಾರತೆ ಒಂದೇ ಜಾಗದಲ್ಲಿ, ಹೆಸರಿಟ್ಟುಕೊಂಡು ಇರಲಿ.

ಇದರ ಜೊತೆಗೆ, ನಿಲ್ ಬಂದಾಗ ಸೊನ್ನೆ ಹಾಕುವ ಅಭ್ಯಾಸದ ಬಗ್ಗೆಯೂ ಎಚ್ಚರಿಸಬೇಕು, ಏಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ. ಹಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಹಾಲು ಸಂಘಕ್ಕಾಗಿ ಲೆಕ್ಕದ ಆ್ಯಪ್ ಬರೆದಾಗ, ಫ್ಯಾಟ್ ಅಳೆಯುವ ಯಂತ್ರ ಕೆಟ್ಟ ದಿನ ಆ ಫೀಲ್ಡ್ ಬರುತ್ತಿರಲಿಲ್ಲ. ‘ಡಿಕೋಡ್‌ಇಫ್‌ಪ್ರೆಸೆಂಟ್’ ಬಳಸಿ, ಇಲ್ಲದಿದ್ದರೆ 0 ಎಂದು ಬರೆದು ಮುಂದೆ ಹೋದೆ. ತಿಂಗಳ ಕೊನೆಯಲ್ಲಿ ವಯಸ್ಸಾದ ಒಬ್ಬ ತಾಯಿ ತಮ್ಮ ಪಾಸ್‌ಪುಸ್ತಕ ಹಿಡಿದು ಬಂದು, ‘ದಿನಾ 4 ಬರ್ತಿತ್ತಲ್ಲಪ್ಪ, ಈ ತಿಂಗಳು ಯಾಕೆ ಕಮ್ಮಿ’ ಎಂದು ಕೇಳಿದರು. 28 ದಿನ 4.0 ಇದ್ದ ಫ್ಯಾಟ್‌ಗೆ ಎರಡು ದಿನದ ಸೊನ್ನೆ ಸೇರಿ ಸರಾಸರಿ 3.73 ಆಗಿತ್ತು. ಅಳತೆಯೇ ಆಗದ ದಿನವನ್ನು ನನ್ನ ಕೋಡ್ ಕೊಬ್ಬಿಲ್ಲದ ಹಾಲೆಂದು ಬರೆದಿತ್ತು. ಅಂದಿನಿಂದ ಅಳತೆ, ಬೆಲೆ, ತೂಕ ಇವುಗಳಿಗೆ ನಾನು ಡಿಫಾಲ್ಟ್ ಮೌಲ್ಯ ಕೊಡುವುದಿಲ್ಲ. ಆಪ್ಷನಲ್ ಆಗಿಯೇ ಇಟ್ಟುಕೊಂಡು, ತೋರಿಸುವ ಹಂತದಲ್ಲಿ ಏನು ತೋರಿಸಬೇಕೆಂದು ತೀರ್ಮಾನಿಸುತ್ತೇನೆ. ನಡುವಿನ ಲೆಕ್ಕಕ್ಕೂ ಇದರಿಂದ ತೊಡಕಿಲ್ಲ. ದರ ಕ್ವಿಂಟಲ್‌ಗೆ ಬರುತ್ತದೆ, ನಮ್ಮವರು ಕೇಳುವುದು 15 ಕೆ.ಜಿ. ಬಾಕ್ಸ್‌ಗೆ, ಆಪ್ಷನಲ್‌ನ ‘ಮ್ಯಾಪ್’ ಬಳಸಿ 15ರಿಂದ ಗುಣಿಸಿ 100ರಿಂದ ಭಾಗಿಸಿದರೆ 2000 ಇದ್ದಲ್ಲಿ 300 ಆಗುತ್ತದೆ, ನಿಲ್ ಇದ್ದಲ್ಲಿ ನಿಲ್ಲೇ ಉಳಿಯುತ್ತದೆ.

ಇಡೀ ಪುಟ ಖಾಲಿಯಾಯಿತೆಂದು ಬರೆದಿದ್ದೀರಿ. ಪಟ್ಟಿಯ ಒಂದು ಸಾಲು ಕೆಟ್ಟರೆ ಅರೇಯ ಡಿಕೋಡಿಂಗ್ ಪೂರ್ತಿ ನಿಲ್ಲುತ್ತದೆ. ಮುಳಬಾಗಿಲಿನ ಸಾಲಿನಲ್ಲಿ ತಪ್ಪಿದ್ದರೆ ಕೋಲಾರದ ದರವೂ ಕಾಣುವುದಿಲ್ಲ. ಇದಕ್ಕೆ ಪ್ರತಿ ಸಾಲನ್ನೂ ಒಂದು ಜೆನೆರಿಕ್ ಹೊದಿಕೆಯಲ್ಲಿ ಸುತ್ತಿ, ಹೊದಿಕೆಯ ಇನಿಷಿಯಲೈಸರ್‌ನಲ್ಲಿ ಒಳಗಿನದನ್ನು ಓದಿ, ಫಲಿತಾಂಶವನ್ನೋ ದೋಷವನ್ನೋ ‘ರಿಸಲ್ಟ್’ ಆಗಿ ಇಟ್ಟುಕೊಳ್ಳಿ. ಒಳ್ಳೆಯ ಸಾಲುಗಳನ್ನು ತೋರಿಸಿ, ಕೆಟ್ಟ ಸಾಲಿನ ದೋಷವನ್ನು ಲಾಗ್‌ಗೆ ಬರೆಯಿರಿ. ಹೊದಿಕೆ ಬೇಡವೆಂದು ಅನ್‌ಕೀಡ್ ಕಂಟೇನರ್ (ಕೀಗಳಿಲ್ಲದ ಪಟ್ಟಿಯನ್ನು ಒಂದೊಂದಾಗಿ ಓದಿಕೊಡುವುದು) ಮೇಲೆ ನೀವೇ ಲೂಪ್ ಓಡಿಸಿ ಒಳಗೆ ‘ಟ್ರೈ?’ ಹಾಕಿದರೆ, ಓದಲು ಸೋತ ಸಾಲಿನಿಂದ ಕಂಟೇನರ್ ಮುಂದಕ್ಕೆ ಸರಿಯುವುದಿಲ್ಲವಾದ್ದರಿಂದ ಆ ಲೂಪ್ ಎಂದಿಗೂ ಮುಗಿಯುವುದಿಲ್ಲ. ಲಾಗ್ ಬರೆಯುವಾಗ ‘ಲೋಕಲೈಸ್ಡ್‌ಡಿಸ್ಕ್ರಿಪ್ಷನ್’ ಬರೆಯಬೇಡಿ, ಅದರಲ್ಲಿ ಉಪಯೋಗವಾಗುವ ಮಾತೇನೂ ಇರುವುದಿಲ್ಲ. ದೋಷವನ್ನೇ ಮುದ್ರಿಸಿದರೆ ‘ಕೋಡಿಂಗ್‌ಪಾತ್’ ಮುಂತಾದ ವಿವರಗಳಲ್ಲಿ ಎಷ್ಟನೆಯ ಸಾಲಿನ ಯಾವ ಕೀ ಎಂಬುದರವರೆಗೆ ಸಿಗುತ್ತದೆ.

ಕೊನೆಯದಾಗಿ, ಎಲ್ಲ ಫೀಲ್ಡ್‌ಗಳಿಗೂ ಪ್ರಶ್ನಾರ್ಥಕ ಚಿಹ್ನೆ ಹಾಕಿಬಿಡುವ ಆಸೆಯನ್ನೂ ತಡೆದುಕೊಳ್ಳಿ. ಮಾರುಕಟ್ಟೆಯ ಹೆಸರಿಲ್ಲದ ದರದಿಂದ ಯಾರಿಗೂ ಪ್ರಯೋಜನವಿಲ್ಲ. ಹೆಸರನ್ನು ಆಪ್ಷನಲ್ ಅಲ್ಲದೆಯೇ ಇಟ್ಟು, ಅದು ಬಾರದ ಸಾಲು ಸೋಲಲಿ.

ಪ್ರಶ್ನೆ: ಟೊಮೆಟೊ ಗ್ರೇಡ್‌ಗಳ ಪಟ್ಟಿ ಬಾರದಿದ್ದರೆ ಖಾಲಿ ಅರೇ ಇರಲಿ ಎಂದು ಸ್ಟ್ರಕ್ಟ್‌ನಲ್ಲಿ ‘= []’ ಎಂದು ಬರೆದೆ; ಆದರೂ ಕೀನಾಟ್‌ಫೌಂಡ್ ಬಂತು. ಪ್ರಾಪರ್ಟಿ ರ‍್ಯಾಪರ್ (ಫೀಲ್ಡ್‌ನ ಸುತ್ತ ಹಾಕುವ ಹೊದಿಕೆ) ಒಂದನ್ನು ಬರೆದು ಅದರ ಇನಿಷಿಯಲೈಸರ್‌ನಲ್ಲಿ ಎಚ್ಚರ ವಹಿಸಿದೆ. ಆಗಲೂ ಅದೇ ದೋಷ. ಎಲ್ಲಿ ತಪ್ಪಿದೆ?
— ಓದುಗರೊಬ್ಬರು, ಚಿಂತಾಮಣಿ

ಉತ್ತರ: ಮೊದಲನೆಯದಕ್ಕೆ: ‘ವಾರ್’ ಫೀಲ್ಡ್‌ಗೆ ನೀವು ಕೊಡುವ ಆರಂಭದ ಮೌಲ್ಯವನ್ನು ಕಂಪೈಲರ್ ಬರೆಯುವ ಡಿಕೋಡಿಂಗ್ ಕೋಡ್ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಟೈಪ್ ಆಪ್ಷನಲ್ ಅಲ್ಲವಾದ್ದರಿಂದ ಅದು ‘ಡಿಕೋಡ್’ ಅನ್ನೇ ಕರೆಯುತ್ತದೆ.

ಎರಡನೆಯದು ಕೋಲಾರದ ಓದುಗರ ತೊಡಕಿನ ಇನ್ನೊಂದು ರೂಪ. 2019ರಲ್ಲಿ ಸ್ವಿಫ್ಟ್ 5.1ರೊಂದಿಗೆ ಬಂದ ಪ್ರಾಪರ್ಟಿ ರ‍್ಯಾಪರ್‌ಗಳಲ್ಲಿ, ನಿಜವಾಗಿ ಶೇಖರವಾಗುವುದು ರ‍್ಯಾಪರ್‌ನ ಟೈಪೇ ಹೊರತು ಒಳಗಿನ ಮೌಲ್ಯದ ಟೈಪಲ್ಲ. ನಿಮ್ಮ ಹೊದಿಕೆಯ ಹೆಸರು ‘ಖಾಲಿಪಟ್ಟಿ’ ಎಂದಿಟ್ಟುಕೊಂಡರೆ, ಕಂಪೈಲರ್ ಓದಲು ಹೊರಡುವುದು ‘ಖಾಲಿಪಟ್ಟಿ<ಸ್ಟ್ರಿಂಗ್>’ ಎಂಬುದನ್ನು; ಅದು ಆಪ್ಷನಲ್ ಅಲ್ಲ; ಕೀ ಇಲ್ಲದಿದ್ದರೆ ನಿಮ್ಮ ಇನಿಷಿಯಲೈಸರ್‌ಗೆ ಕರೆಯೇ ಬರುವುದಿಲ್ಲ. ಎಚ್ಚರವನ್ನು ಮನೆಯೊಳಗೆ ಇಟ್ಟಿದ್ದೀರಿ, ತೊಂದರೆ ಇರುವುದು ಹೊಸ್ತಿಲಲ್ಲಿ.

ಆದ್ದರಿಂದ ಹೊಸ್ತಿಲಿಗೇ ಹೋಗಬೇಕು. ‘ಕೀಡ್‌ಡಿಕೋಡಿಂಗ್‌ಕಂಟೇನರ್’ಗೆ ಎಕ್ಸ್‌ಟೆನ್ಷನ್ (ಈಗಾಗಲೇ ಇರುವ ಟೈಪಿಗೆ ಹೊಸ ಫಂಕ್ಷನ್ ಸೇರಿಸುವ ಕೋಡ್) ಬರೆದು, ನಿಮ್ಮ ರ‍್ಯಾಪರ್ ಟೈಪಿಗೆಂದೇ ಒಂದು ‘ಡಿಕೋಡ್’ ಫಂಕ್ಷನ್ ಸೇರಿಸಿ. ಅದರ ಒಳಗೆ ‘ಡಿಕೋಡ್‌ಇಫ್‌ಪ್ರೆಸೆಂಟ್’ ಕರೆದು, ನಿಲ್ ಬಂದರೆ ಖಾಲಿ ಅರೇ ಹೊತ್ತ ರ‍್ಯಾಪರ್ ಅನ್ನು ಹಿಂತಿರುಗಿಸಿ. ಕಂಪೈಲರ್ ತಾನು ಬರೆಯುವ ಕೋಡಿನಲ್ಲಿ, ಎಲ್ಲ ಟೈಪ್‌ಗಳಿಗೂ ಸಲ್ಲುವ ‘ಡಿಕೋಡ್’ಗಿಂತ ಈ ನಿರ್ದಿಷ್ಟ ‘ಡಿಕೋಡ್’ ಅನ್ನು ಮೇಲೆಂದು ಪರಿಗಣಿಸುತ್ತದೆ. ಫಂಕ್ಷನ್‌ನ ಹೆಸರು, ಲೇಬಲ್, ಟೈಪ್ ಎಲ್ಲವೂ ತಕ್ಕಂತಿರಬೇಕು; ಒಂದು ಅಕ್ಷರ ತಪ್ಪಿದರೂ ಕಂಪೈಲರ್ ಏನೂ ಹೇಳದೆ ಹಳೆಯದನ್ನೇ ಬಳಸಿಬಿಡುತ್ತದೆ. ರ‍್ಯಾಪರ್ ಬೇರೊಂದು ಪ್ಯಾಕೇಜ್‌ನಲ್ಲಿದ್ದರೆ ಈ ಎಕ್ಸ್‌ಟೆನ್ಷನ್ ಅಲ್ಲಿ ‘ಪಬ್ಲಿಕ್’ ಆಗಿರಬೇಕು. ಹೀಗೆ ಸದ್ದಿಲ್ಲದೆ ತಪ್ಪುವ ವ್ಯವಸ್ಥೆಯಾದ್ದರಿಂದ, ಕೀ ಇಲ್ಲದ ಜೇಸನ್ ಒಂದನ್ನು, ನಲ್ ಇರುವ ಜೇಸನ್ ಒಂದನ್ನು ಓದಿಸುವ ಟೆಸ್ಟ್ ಇಲ್ಲದೆ ಈ ಕೋಡನ್ನು ಮುಂದಕ್ಕೆ ಕಳುಹಿಸಬೇಡಿ.

ಗ್ರೇಡ್‌ಗಳ ಪಟ್ಟಿಗೆ ಖಾಲಿ ಅರೇ ಸರಿಯಾದ ಡಿಫಾಲ್ಟ್ ಎಂದೇ ನನಗೆ ಅನ್ನಿಸುತ್ತದೆ. ಪಟ್ಟಿ ಬರಲಿಲ್ಲ ಎನ್ನುವುದಕ್ಕೂ ಪಟ್ಟಿಯಲ್ಲಿ ಏನೂ ಇಲ್ಲ ಎನ್ನುವುದಕ್ಕೂ ನಿಮ್ಮ ಪರದೆಯ ಮೇಲೆ ವ್ಯತ್ಯಾಸವಿಲ್ಲ. ದರಕ್ಕೆ ಈ ರ‍್ಯಾಪರ್ ಬಳಸಬೇಡಿ.

ಪ್ರಶ್ನೆ: ನಮ್ಮ ಆ್ಯಪ್‌ನಲ್ಲಿ ರೈತರು ತಮ್ಮ ವಿವರಗಳನ್ನು ತಿದ್ದಬಹುದು. ಒಬ್ಬರು ತಮ್ಮ ಎರಡನೆಯ ಮೊಬೈಲ್ ಸಂಖ್ಯೆಯನ್ನು ಅಳಿಸಿದಾಗ, ಆ ಫೀಲ್ಡ್‌ಗೆ ನಿಲ್ ಕೊಟ್ಟು ಕಳುಹಿಸಿದರೂ ಸರ್ವರ್‌ನಲ್ಲಿ ಹಳೆಯ ಸಂಖ್ಯೆಯೇ ಉಳಿಯುತ್ತದೆ. ‘ಸ್ಟ್ರಿಂಗ್??’ ಎಂದು ಎರಡು ಚಿಹ್ನೆ ಹಾಕಿದರೆ ಸರಿಹೋಗುತ್ತದೆಯೇ?
— ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಓದುವಾಗ ‘ಡಿಕೋಡ್‌ಇಫ್‌ಪ್ರೆಸೆಂಟ್’ ಇದ್ದಂತೆ ಬರೆಯುವಾಗ ‘ಎನ್‌ಕೋಡ್‌ಇಫ್‌ಪ್ರೆಸೆಂಟ್’ ಇದೆ. ಆಪ್ಷನಲ್ ಫೀಲ್ಡ್ ನಿಲ್ ಆಗಿದ್ದರೆ ಅದು ನಲ್ ಬರೆಯುವುದಿಲ್ಲ, ಕೀಯನ್ನೇ ಬಿಟ್ಟುಬಿಡುತ್ತದೆ. ಬಹಳಷ್ಟು ಸರ್ವರ್‌ಗಳಲ್ಲಿ ಕೀ ಬಾರದಿದ್ದರೆ ‘ಇದ್ದದ್ದು ಇರಲಿ’ ಎಂದೂ, ನಲ್ ಬಂದರೆ ‘ಅಳಿಸು’ ಎಂದೂ ಅರ್ಥ. 2014ರ ಆರ್‌ಎಫ್‌ಸಿ 7396 ಎಂಬ ಇಂಟರ್‌ನೆಟ್ ಮಾನದಂಡದಲ್ಲಿ ವಿವರಿಸಿರುವ ಜೇಸನ್ ಮರ್ಜ್ ಪ್ಯಾಚ್‌ನ ನಿಯಮವೂ ಇದೇ. ನಿಮ್ಮ ರೈತರು ಅಳಿಸು ಎಂದರು, ಸರ್ವರ್‌ಗೆ ತಲುಪಿದ್ದು ಮೌನ.

ಎರಡು ಚಿಹ್ನೆಗಳ ಉಪಾಯ ಅರ್ಧ ನಡೆಯುತ್ತದೆ. ಬರೆಯುವಾಗ ಹೊರಗಿನ ನಿಲ್‌ಗೆ ಕೀ ಬಿಟ್ಟುಹೋಗುತ್ತದೆ, ಒಳಗಿನ ನಿಲ್‌ಗೆ ನಲ್ ಬರೆಯಲ್ಪಡುತ್ತದೆ. ಆದರೆ ಓದುವಾಗ ಕೀ ಇಲ್ಲದಿದ್ದರೂ ನಲ್ ಇದ್ದರೂ ಹೊರಗಿನ ನಿಲ್ಲೇ ಸಿಗುತ್ತದೆ. ಮೇಲಾಗಿ, ಕೋಡಿನಲ್ಲಿ ಬರಿಯ ‘= ನಿಲ್’ ಎಂದು ಬರೆದವರಿಗೆ ಹೊರಗಿನದು ಸಿಕ್ಕಿತೋ ಒಳಗಿನದೋ ಎಂಬುದು ನೆನಪಿರುವುದಿಲ್ಲ; ಸಿಗುವುದು ಹೊರಗಿನದು, ಎಂದರೆ ಅಳಿಸದಿರುವುದು.

ಮೂರು ಸ್ಥಿತಿಗಳಿವೆಯಾದ್ದರಿಂದ ಮೂರು ಹೆಸರುಗಳಿರುವ ಜೆನೆರಿಕ್ ಎನಮ್ (ಹೆಸರಿಟ್ಟ ಆಯ್ಕೆಗಳಲ್ಲಿ ಒಂದನ್ನು ಮಾತ್ರ ಹಿಡಿಯುವ ಟೈಪ್) ಮಾಡಿ: ‘ತಿದ್ದುಪಡಿ<ಮೌಲ್ಯ>’, ಅದರಲ್ಲಿ ‘ಮುಟ್ಟಬೇಡ’, ‘ಅಳಿಸು’, ‘ಬರೆ(ಮೌಲ್ಯ)’. ಓದುವಾಗ ‘ಕಂಟೇನ್ಸ್’ ಕರೆದು ಕೀ ಇದೆಯೇ ಎಂದು ನೋಡಿ, ಇದ್ದರೆ ‘ಡಿಕೋಡ್‌ನಿಲ್’ ಕರೆದು ನಲ್ ಆಗಿದೆಯೇ ಎಂದು ನೋಡಿ, ಅಲ್ಲದಿದ್ದರೆ ಮೌಲ್ಯವನ್ನು ಓದಿ. ಬರೆಯುವಾಗ ‘ಅಳಿಸು’ ಎಂಬುದಕ್ಕೆ ‘ಎನ್‌ಕೋಡ್‌ನಿಲ್’ ಕರೆಯಿರಿ, ‘ಮುಟ್ಟಬೇಡ’ ಎಂಬುದಕ್ಕೆ ಏನನ್ನೂ ಕರೆಯಬೇಡಿ. ಈ ತೀರ್ಮಾನ ಎನಮ್‌ನ ಒಳಗೆ ಆಗಬಾರದು, ಅದನ್ನು ಹೊತ್ತಿರುವ ಸ್ಟ್ರಕ್ಟ್‌ನ ಎನ್‌ಕೋಡ್ ಫಂಕ್ಷನ್‌ನಲ್ಲಿ ಆಗಬೇಕು. ಏಕೆಂದರೆ ಎನಮ್‌ನವರೆಗೆ ಬರುವ ಹೊತ್ತಿಗೆ ಕೀಯ ಜಾಗ ಆಗಲೇ ಗೊತ್ತಾಗಿರುತ್ತದೆ; ಅಲ್ಲಿ ಸುಮ್ಮನಿದ್ದರೆ ಜೇಸನ್‌ಎನ್‌ಕೋಡರ್ ಆ ಜಾಗದಲ್ಲಿ ‘{}’ ಎಂಬ ಖಾಲಿ ಆಬ್ಜೆಕ್ಟ್ ಬರೆಯುತ್ತದೆ, ಸರ್ವರ್ ಅದನ್ನು ಮೊಬೈಲ್ ಸಂಖ್ಯೆಯೆಂದು ಒಪ್ಪುವುದಿಲ್ಲ. ಇಂಥ ಫೀಲ್ಡ್‌ಗಳು ನಾಲ್ಕೈದಕ್ಕಿಂತ ಹೆಚ್ಚಿದ್ದರೆ, ಚಿಂತಾಮಣಿಯ ಓದುಗರಿಗೆ ಹೇಳಿದ ಎಕ್ಸ್‌ಟೆನ್ಷನ್ ಉಪಾಯವನ್ನು ‘ಕೀಡ್‌ಎನ್‌ಕೋಡಿಂಗ್‌ಕಂಟೇನರ್’ಗೂ ಬಳಸಬಹುದು.

ನಿಮ್ಮ ಸರ್ವರ್ ಬರೆದವರನ್ನು ಒಮ್ಮೆ ಕೇಳಿ, ಅವರು ನಲ್ ಮತ್ತು ಕೀ ಇಲ್ಲದಿರುವುದನ್ನು ನಿಜಕ್ಕೂ ಬೇರೆ ಬೇರೆಯಾಗಿ ನೋಡುತ್ತಾರೆಯೇ ಎಂದು ಖಚಿತಪಡಿಸಿಕೊಂಡ ಮೇಲೆಯೇ ಈ ಎನಮ್‌ಗೆ ಕೈಹಾಕಿ.